ಹಗ್ಗದ ಕಡೆ

ಟೋಪಿ ತೆಗೆದು ಇದನ್ನ ಹಾಕ್ಕೊಳ್ಳಿ ಎಂದು ಸವಾರಿ ಚಿಕಿತ್ಸೆ ನಡೆಸುವ ಯಾನಿನಾ ನೀಲಿ ಬಣ್ಣದ ಹೆಲ್ಮೆಟ್ಟೊಂದನ್ನು ತೊಡೆಯ ಮೇಲಿಟ್ಟು ಹೋದಾಗಿನಿಂದ ಸೆರ್ವಾಂದೊ ಅದನ್ನು ಮುಟ್ಟಿರಲಿಲ್ಲ. ಯಾವುದೋ ಮಗು ಅದಕ್ಕೊಂದು ಮೀನಿನ ಚಿತ್ರ ಅಂಟಿಸಿತ್ತು. ಕುದುರೆಗಳ ಮೇಲಿಂದ ಎಷ್ಟು ಸಲ ಬಿದ್ದಿತೋ ಲೆಕ್ಕವಿಲ್ಲದ ತಲೆ ಇದು. ಕಲ್ಲಿನ ಮೇಲೆ ಬಿದ್ದಾಗಲೂ ಒಡೆಯದ್ದು ಏಳು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ಕೂತು ಬ್ರೆಡ್ಡು ಮುರಿಯುತ್ತಿದ್ದಾಗ ಒಳಗಿನಿಂದಲೇ ಒಡೆದುಕೊಂಡಿತ್ತು. ಹೆಲ್ಮೆಟ್ಟು ಹಾಕಿಕೊಳ್ಳುವುದಿದ್ದರೆ ಬ್ರೆಡ್ಡು ತಿನ್ನುವಾಗ ಹಾಕಿಕೊಳ್ಳಬೇಕಿತ್ತು ನೋಡಮ್ಮ ಅಂತ ಹೇಳಿ ಆ ಹುಡುಗಿಯನ್ನು ನಗಿಸೋಣ ಅನ್ನಿಸಿತು. ಮಾತು ಎದೆಯಿಂದ ಹೊರಟು ನಾಲಿಗೆಗೆ ಬರುವಷ್ಟರಲ್ಲಿ ಅವಳು ಮೈದಾನದ ಆಚೆ ತುದಿ ಸೇರಿದ್ದಳು. ಈಗೀಗ ಹೀಗೇ. ಅವನು ಬಾಯಿ ತೆರೆಯುವ ಹೊತ್ತಿಗೆ ಜನ ಬೇರೆ ವಿಷಯಕ್ಕೆ ಹೋಗಿರುತ್ತಾರೆ, ಇಲ್ಲವೇ ಅವನ ವಾಕ್ಯವನ್ನು ತಾವೇ ಮುಗಿಸಿ ಕೈತೊಳೆದುಕೊಂಡಿರುತ್ತಾರೆ. ಅವನು ಜೂನ್ ತಿಂಗಳ ಚಳಿಗಾಲದ ಮಂಜು ನೆಲದ ಮೇಲೆ ಸೊಂಟದೆತ್ತರಕ್ಕೆ ನಿಂತದ್ದನ್ನು ನೋಡುತ್ತ ಕೂತ. ಮಂಜಿನಲ್ಲಿ ಮೈದಾನದ ಎಡ ಅರ್ಧ ಇರಲೇ ಇಲ್ಲ. ಮಂಜಿಲ್ಲದ ದಿನವೂ ಅವನಿಗೆ ಎಡ ಅರ್ಧ ಇರುವುದು ಅಷ್ಟಕ್ಕಷ್ಟೆ. ತಲೆ ತಿರುಗಿಸಿ ನೋಡಿದರೆ ಇದೆ, ಮುಂದಕ್ಕೆ ನೋಡಿದ ಕೂಡಲೇ ಯಾರೋ ಒರೆಸಿಹಾಕಿದ ಹಾಗೆ ಇಲ್ಲ.

ಪಕ್ಕದಲ್ಲಿ ಮಗಳು ನೀದಿಯಾ ಸೋರೆ ಬುರುಡೆಗೆ ಬಿಸಿನೀರು ಹೊಯ್ದು ಅವನ ಬಲಗೈಗೆ ಕೊಟ್ಟಳು. ಅವನು ಕೊಳವೆಯಿಂದ ಯೆರ್ಬಾ ಸೊಪ್ಪಿನ ಕಷಾಯ ಹೀರಿದ. ಕಹಿ ಹಿತವಾಗಿತ್ತು, ಅವಳು ಹೊಯ್ದು ಕೊಡುವುದು ಹಿತವಾಗಿರಲಿಲ್ಲ. ಈ ಊರಿನ ಗಂಡಸಿಗೆ ಎಡಗೈ ಅಂತ ದೇವರು ಕೊಟ್ಟಿರುವುದೇ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಒತ್ತಿಕೊಳ್ಳಲಿಕ್ಕೆ. ಐವತ್ತು ವರ್ಷ ಹಾಗೆ ಒತ್ತಿಕೊಂಡೇ ಬಾಗಿಲು ತೆಗೆದಿದ್ದಾನೆ, ಬೇಲಿ ದಾಟಿದ್ದಾನೆ, ಹೆಂಡತಿಯ ಹೆಣದ ಪಕ್ಕದಲ್ಲೂ ಹಾಗೇ ನಿಂತಿದ್ದಾನೆ. ಈಗ ಆ ಕೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ನೀದಿಯಾ ಬೆಳಿಗ್ಗೆ ಅದಕ್ಕೆ ಉಣ್ಣೆಯ ಕೈಗವಸು ತೊಡಿಸಿದ್ದಳು. ಯಾಕೆ ಬೇಕಿತ್ತು, ಅದಕ್ಕೇನು ಚಳಿಯಾಗುತ್ತದೆಯೇ ಅಂತ ಕೇಳಬೇಕೆಂದಿದ್ದ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದವಳ ಹತ್ತಿರ ಹಾಗೆಲ್ಲ ಕೇಳಲಾಗುವುದಿಲ್ಲ.

"ಏನ್ ಯೋಚನೆ ಮಾಡ್ತಿದೀಯಪ್ಪಾ?"

"ಏನಿಲ್ಲ."

"ಹೆದ್ರಿಕೆ ಆಗ್ತಿದ್ಯಾ?"

ಹೆದರಿಕೆಯಂತೆ. ಇದೇ ಮೈದಾನ. ಈಸ್ಟರ್ ವಾರದ ಸವಾರಿ ಪಂದ್ಯಕ್ಕೆ ಇಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ನಡುವೆ ನೆಟ್ಟ ಆ ಮೂರು ಕಂಬಗಳಿಗೆ ಪುಂಡ ಕುದುರೆಗಳನ್ನು ಕಣ್ಣು ಕಟ್ಟಿ ಬಿಗಿಯುತ್ತಿದ್ದರು. ಗಂಟೆ ಹೊಡೆಯುವವರೆಗೆ ಮೇಲೆ ಉಳಿದವನೇ ಗಂಡು. ಧ್ವನಿವರ್ಧಕದಲ್ಲಿ ಅವನ ಹೆಸರನ್ನು ಉದ್ದಕ್ಕೆ ಎಳೆದು ಕೂಗುತ್ತಿದ್ದರು, ಸೆರ್‌ವಾಂ...ದೊ ಅಂತ. ಆ ಕೂಗು ಈಗಲೂ ಮಂಜಿನೊಳಗೆಲ್ಲೋ ಪೂರ್ತಿ ಮುಗಿಯದೆ ನಿಂತಿದೆ ಅಂತ ಅವನಿಗೆ ಅನ್ನಿಸಿತು. ಕನಸಿನಲ್ಲಂತೂ ದಿನಾ ಕೇಳುತ್ತದೆ. ಕನಸಿನಲ್ಲಿ ಅವನ ಎರಡು ಕೈಯೂ ಸರಿಯಿರುತ್ತವೆ, ತೊಡೆಗಳ ನಡುವೆ ಕುದುರೆಯ ಬಿಸಿ ಇರುತ್ತದೆ, ಯಾವ ಕುದುರೆ ಅಂತ ಬಗ್ಗಿ ನೋಡುವಷ್ಟರಲ್ಲಿ ಎಚ್ಚರವಾಗುತ್ತದೆ. ಡಾಕ್ಟರು ನೀದಿಯಾಗೆ ಈ ಮಂಗಳವಾರದ ಸವಾರಿಯ ಬಗ್ಗೆ ಹೇಳಿದಾಗ ಅವನು ಥೂ ಅಂದಿದ್ದ. ಕುದುರೆ ನಡೆಯುವಾಗ ಮೇಲೆ ಕೂತವನ ಸೊಂಟ ಮನುಷ್ಯ ನಡೆದ ಹಾಗೇ ಆಡುತ್ತದಂತೆ, ನಡಿಗೆ ಮರೆತ ಮೈಗೆ ಕುದುರೆಯೇ ನೆನಪು ಮಾಡಿಕೊಡುತ್ತದಂತೆ. ನಂಗೆ ಹೇಳಿಕೊಡೋಕೆ ಬಂದ್ರು ಅಂತ ಗೊಣಗಿದ್ದ. ಆದರೆ ಆವತ್ತಿನಿಂದ ಅವನು ಮಂಗಳವಾರಕ್ಕೆ ಇನ್ನೆಷ್ಟು ದಿನ ಅಂತ ಬೆರಳು ಮಡಚಿ ಎಣಿಸುತ್ತಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದೇ ಒಂದು ಸಲ ಮೇಲೆ ಕೂತರೆ ಸಾಕಿತ್ತು. ಹೆಲ್ಮೆಟ್ಟಾದರೆ ಹೆಲ್ಮೆಟ್ಟು, ಮೀನಾದರೆ ಮೀನು.

ಮಂಜಿನೊಳಗಿಂದ ಮೊದಲು ಗೊರಸಿನ ಸದ್ದು ಬಂತು, ಆಮೇಲೆ ರುಪೆರ್ತೊ ಬಂದ, ಅವನ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಬಿಳಿ ಕುದುರೆ. ರುಪೆರ್ತೊನನ್ನು ನೋಡಿ ಸೆರ್ವಾಂದೊನ ಮುಖ ಸಣ್ಣದಾಯಿತು. ಒಂದು ಕಾಲದಲ್ಲಿ, ನೀನು ಕುರ್ಚಿ ಮೇಲೂ ಕೂರಲಾರೆ ಕಣೋ, ಅದೂ ನಿನ್ನ ಬೀಳಿಸ್ತದೆ ಅಂತ ಹತ್ತು ಜನರೆದುರು ಅವನಿಗೆ ಅಂದವನು ಸೆರ್ವಾಂದೊನೇ. ಆ ರುಪೆರ್ತೊ ಇಲ್ಲಿ ಎರಡು ವರ್ಷದಿಂದ ಬಿಟ್ಟಿಯಾಗಿ ಕುದುರೆ ಹಿಡಿದು ನಡೆಸುತ್ತಾನಂತೆ. ಇವತ್ತು ಅವನು ಹಗ್ಗ ಹಿಡಿದು ಮುಂದೆ ನಡೆಯಬೇಕು, ತಾನು ಮೇಲೆ ಮೂಟೆಯ ಹಾಗೆ ಕೂರಬೇಕು.

"ಏನಣ್ಣಾ, ಕುರ್ಚಿ ಬಿಟ್ಟು ಬಂದ್ಯಾ?" ಅಂದ ರುಪೆರ್ತೊ. ಹಳೆಯ ಮಾತು ಅವನಿಗೆ ನೆನಪಿದೆಯೋ, ಸುಮ್ಮನೆ ಅಂದನೋ ಗೊತ್ತಾಗಲಿಲ್ಲ. ಮುಖದಲ್ಲಿ ಕೊಂಕಿರಲಿಲ್ಲ. "ಇದು ಅಲ್ಗೊದೊನ್. ಮಕ್ಕಳಿಟ್ಟ ಹೆಸ್ರು. ಹತ್ತಿ ಥರ ಇದೆ ಅಂತ. ಬಂದು ಮೂರು ವಾರ ಆಯ್ತು. ಮುದುಕ, ಪಾಪದ್ದು. ನಮ್ ಕಂದು ಹೆಣ್ಣುಕುದ್ರೆಗೆ ಕಾಲು ಊದ್ಕೊಂಡಿದೆ, ಈಗ ಇರೋದು ಇದೊಂದೇ."

ಹತ್ತಿ ಅಂತ ಕುದುರೆಗೆ ಹೆಸರು. ಅವನ ಕಾಲದಲ್ಲಿ ಕುದುರೆಯನ್ನು ಬಣ್ಣದಿಂದ ಕರೆಯುತ್ತಿದ್ದರು, ಅಷ್ಟೇ. ಕರಿಯ, ಕೆಂದ, ಬೂದ. ಇದನ್ನು ನೋಡಿದರೆ ಬಿಳಿಯಾಗಿ ಹುಟ್ಟಿದ್ದಲ್ಲ, ಬೂದು ಬಣ್ಣದ್ದು ವಯಸ್ಸಾಗಿ ಬೆಳ್ಳಗಾದದ್ದು. ಮೂಗಿನ ಹತ್ತಿರ ಇನ್ನೂ ಸ್ವಲ್ಪ ಕಪ್ಪು ಉಳಿದಿತ್ತು. ಬೆನ್ನು ತಗ್ಗಾಗಿತ್ತು, ಕಣ್ಣಿನ ಮೇಲೆ ಗುಳಿ ಬಿದ್ದಿತ್ತು. ಬೆನ್ನಿಗೆ ಜೀನಿನ ಬದಲು ದಪ್ಪ ಕಂಬಳಿ, ಅದರ ಮೇಲೆ ಹಿಡಿದುಕೊಳ್ಳಲು ಎರಡು ಹಿಡಿಕೆಯ ಪಟ್ಟಿ. ಮಕ್ಕಳಾಟ ಅಂತ ಅಂದುಕೊಂಡ. ಆದರೂ ಅದರ ಬೆವರಿನ ವಾಸನೆ ಮಂಜಿನ ಜೊತೆ ಮೂಗಿಗೆ ಬಂದಾಗ ಉಸಿರನ್ನು ಉದ್ದಕ್ಕೆ ಎಳೆದುಕೊಂಡ.

ಯಾನಿನಾ ಬಂದಳು, ಜೊತೆಗೆ ಮಿಲಿ ಅನ್ನುವ ಒಂಬತ್ತು ವರ್ಷದ ಹುಡುಗಿ. ಹುಟ್ಟಿದಾಗಿನಿಂದಲೇ ಅವಳ ಎಡಗೈ ಎದೆಗೆ ಮಡಚಿಕೊಂಡಿದೆ, ಎಡಗಾಲು ಎಳೆಯುತ್ತಾಳೆ. ಸೆರ್ವಾಂದೊನ ಎಡಗಾಲನ್ನೂ ಊರುಗೋಲನ್ನೂ ಅವಳು ಕೂಲಂಕಷವಾಗಿ ನೋಡಿದಳು, ಅಂಗಡಿಯಲ್ಲಿ ತನ್ನ ಹತ್ತಿರ ಇರುವಂಥದೇ ಗೊಂಬೆ ಕಂಡವರ ಹಾಗೆ.

"ತಾತಂಗೂ ನಂಥರಾನೇ" ಅಂದಳು.

"ಹೌದು ಚಿನ್ನಾ, ಇಬ್ರದ್ದೂ ಎಡಗಡೆ" ಅಂದಳು ಯಾನಿನಾ. ಆಮೇಲೆ ಅವನ ಕಡೆ ತಿರುಗಿ, ಕಿವುಡರಿಗೆ ಹೇಳುವಷ್ಟು ಗಟ್ಟಿಯಾಗಿ, "ದೊನ್ ಸೆರ್ವಾಂದೊ, ನೋಡಿ, ನಾವು ಆ ಇಳಿಜಾರು ಕಟ್ಟೆ ಮೇಲಿಂದ ಹತ್ತಿಸ್ತೀವಿ. ಇಷ್ಟು ದಿನ ಎಲ್ರನ್ನೂ ಕುದುರೆ ಎಡಗಡೆಯಿಂದಾನೇ ಹತ್ತಿಸ್ತಿದ್ವಿ. ಆದ್ರೆ ಎಡಗಡೆಯಿಂದ ಹತ್ತಬೇಕಾದ್ರೆ ನಿಮ್ಮ ಎಡಗಾಲ ಮೇಲೆ ಪೂರಾ ಭಾರ ಬೀಳುತ್ತೆ. ಅದು ತಡೆಯಲ್ಲ. ಅದಕ್ಕೇ ಇವತ್ತಿಂದ ನಿಮಗೂ ಮಿಲಿಗೂ ಬಲಗಡೆಯಿಂದ. ಕುದುರೇನ ಆಚೆಯಿಂದ ತಂದು ನಿಲ್ಲಿಸಿದ್ರೆ ಆಯ್ತು. ಗಟ್ಟಿ ಕಾಲ ಮೇಲೆ ನಿಂತ್ಕೊಳ್ಳಿ, ಎಡಗಾಲನ್ನ ನಾನು ಎತ್ತಿ ಆಚೆ ಹಾಕ್ತೀನಿ" ಅಂದಳು.

ರುಪೆರ್ತೊ ಕೆನ್ನೆ ಕೆರೆದುಕೊಂಡ. "ಹಗ್ಗದ ಕಡೆಯಿಂದಾನಾ? ಹಗ್ಗದ ಕಡೆಯಿಂದ ಯಾರಾದ್ರೂ ಹತ್ತಾರಾ ಮೇಡಂ?"

"ಯಾಕೆ ಹತ್ತಬಾರ್ದು? ಕುದುರೆಗೆ ಎರಡು ಪಕ್ಕ ಇಲ್ವಾ?"

"ಇದೆ. ಆದ್ರೆ ನಮ್ಮ ಕಡೆ ಎಡಗಡೆ ಹತ್ತೋ ಕಡೆ, ಬಲಗಡೆ ಹಗ್ಗದ ಕಡೆ. ಬೇಕಾದ್ರೆ ಅಣ್ಣನ್ನ ಕೇಳಿ, ಈ ಜಿಲ್ಲೇಲಿ ಅರ್ಧ ಕುದ್ರೆ ಪಳಗಿಸಿರೋನು."

ಎಲ್ಲರೂ ಅವನನ್ನು ನೋಡಿದರು. ಹಗ್ಗದ ಕಡೆ. ದನದ ಕೊರಳಿಗೆ ಕುಣಿಕೆ ಎಸೆದಾಗ ಹಗ್ಗ ಬಿಗಿಯುವ ಪಕ್ಕ. ಆ ಪಕ್ಕಕ್ಕೆ ಪಳಗಿಸುವವನು ಹೋಗುವುದೇ ಇಲ್ಲ. ಲಗಾಮು ತೊಡಿಸುವುದು ಎಡದಿಂದ, ಜೀನು ಎಡದಿಂದ, ಹತ್ತುವುದು ಇಳಿಯುವುದು ಎಡದಿಂದ. ಅಪ್ಪ ಹೇಳಿಕೊಟ್ಟದ್ದು, ಅಪ್ಪನಿಗೆ ಅವನ ಅಪ್ಪ. ಕುದುರೆಯ ಒಂದು ಕಣ್ಣಿಗೆ ಕಲಿಸಿದ್ದು ಇನ್ನೊಂದು ಕಣ್ಣಿಗೆ ತಿಳಿಯುವುದಿಲ್ಲ. ಎಡಗಣ್ಣಿಗೆ ಸಾಧುವಾದ ಕುದುರೆ ಬಲಗಣ್ಣಿಗೆ ಜೀವಮಾನವಿಡೀ ಕಾಡು ಕುದುರೆಯಾಗೇ ಉಳಿದಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಮೇಡಂ ಹೇಳುವುದೂ ಸರಿಯೇ, ಕಾಲ ಬದಲಾಗಿದೆ. ಮುದಿ ಕುದುರೆ, ಏನು ಮಾಡೀತು? ಅವನು ಆಗಲಿ ಅನ್ನುವ ಹಾಗೆ ತಲೆಯಾಡಿಸಿದ. ಮೇಲೆ ಕೂರುವ ಆಸೆ ಅಷ್ಟಿತ್ತು.

ರುಪೆರ್ತೊ ಕುದುರೆಯನ್ನು ಸುತ್ತು ಹಾಕಿಸಿ ತಂದು ಕಟ್ಟೆಗೆ ತಾಗಿ ನಿಲ್ಲಿಸಿದ. ಈಗ ಅದರ ಬಲ ಮಗ್ಗುಲು ಇವರ ಕಡೆಗಿತ್ತು, ಮೂರು ಮಾರು ದೂರದಲ್ಲಿ. ನೀದಿಯಾ ಹೆಲ್ಮೆಟ್ಟು ಕೈಗೆತ್ತಿಕೊಂಡಳು. ಮಗಳ ಕೈಯಲ್ಲಿ ಟೋಪಿ ತೆಗೆಸಿಕೊಳ್ಳುವುದು ಬೇಡವೆಂದು ಅವನು ತಾನೇ ಬಲಗೈ ಎತ್ತಿ ಉಣ್ಣೆ ಟೋಪಿಯ ಅಂಚು ಹಿಡಿದ. ಕೈ ತಲೆಯ ಮಟ್ಟಕ್ಕೆ ಏರಿದ ಕ್ಷಣ ಕುದುರೆಯ ಬಲಗಿವಿ ಹಿಂದಕ್ಕೆ ಮಲಗಿತು. ಎಡಗಿವಿ ಇದ್ದ ಹಾಗೇ ಇತ್ತು. ಬಲ ಭುಜದ ಚರ್ಮ ಅದುರಿತು, ಕಣ್ಣಿನ ಬಿಳಿ ಕಂಡಿತು. ಅವನು ಕೈ ಇಳಿಸಿದ. ಕಿವಿ ಎದ್ದಿತು. ಯಾರೂ ಗಮನಿಸಲಿಲ್ಲ. ಅವನು ಮತ್ತೆ ಕೈ ಎತ್ತಿದ, ಈ ಸಲ ಬೇಕೆಂದೇ, ನಿಧಾನಕ್ಕೆ. ಕಿವಿ ಮತ್ತೆ ಮಲಗಿತು. ಅವನು ಕುದುರೆಯ ಹಿಂದೊಡೆಯತ್ತ ಕಣ್ಣು ಹಾಯಿಸಿದ. ಒಡೆಯನ ಗುರುತಿಗೆ ಹಾಕುವ ಬರೆ ಆಚೆಯ ಮಗ್ಗುಲಲ್ಲಿತ್ತು, ಕಾಣುತ್ತಿರಲಿಲ್ಲ. ಕಾಣಬೇಕಾಗೂ ಇರಲಿಲ್ಲ.

ಬೂದ.

ಇಪ್ಪತ್ತು ವರ್ಷ. ಆಗ ಅದು ಮೂರು ವರ್ಷದ ಮರಿ, ಮಳೆಮೋಡದಂಥ ದಟ್ಟ ಬೂದು, ಈ ಬಿಳುಪು ಎಲ್ಲೂ ಇರಲಿಲ್ಲ. ಆ ಭಾನುವಾರ ಅವನು ಕೆಲಸಕ್ಕಿದ್ದ ಹಟ್ಟಿಯ ಯಜಮಾನ ಪಟ್ಟಣದಿಂದ ನೆಂಟರನ್ನು ಕರೆತಂದಿದ್ದ. ಹೆಂಗಸರು ಬೇಲಿಯ ಮೇಲೆ ಕರವಸ್ತ್ರ ಹಾಸಿ ಕೂತಿದ್ದರು, ಕುರಿ ಸುಡುವ ಹೊಗೆ ಅಂಗಳವೆಲ್ಲ ತುಂಬಿತ್ತು. ಸೆರ್ವಾಂದೊ ಹೆಮ್ಮೆಯಿಂದ ಮರಿಯನ್ನು ಹತ್ತಿ ನಡೆಸಿ ತೋರಿಸುತ್ತಿದ್ದ. ಯಾರದೋ ಕರವಸ್ತ್ರ ಹಾರಿ ಬಲಗಡೆ ಬಿತ್ತು, ಮರಿ ಎಡಕ್ಕೆ ನೆಗೆಯಿತು, ಇವನು ಬಲಕ್ಕೆ ಬಿದ್ದ. ಬಿದ್ದದ್ದು ದೊಡ್ಡದಲ್ಲ. ಸಗಣಿಯಲ್ಲಿ ಬಿದ್ದ, ಬಿಳಿ ಅಂಗಿ, ಮುಖವೆಲ್ಲ ಸಗಣಿ. ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು, ಯಜಮಾನನೂ ನಕ್ಕ. ಕುದುರೆ ಪಳಗಿಸ್ತಾ ಇದೀಯೋ, ಕುದುರೆ ನಿನ್ನ ಪಳಗಿಸ್ತಾ ಇದ್ಯೋ ಅಂದ. ಅವರೆಲ್ಲ ಊಟಕ್ಕೆ ಹೋದ ಮೇಲೆ ಅವನು ಮರಿಯನ್ನು ಕಂಬಕ್ಕೆ ಮೋಟಾಗಿ ಬಿಗಿದು, ಮೊದಲ ಸಲ ಹಗ್ಗದ ಕಡೆಗೆ ಹೋಗಿ ನಿಂತ. ಚಾವಟಿ ಎತ್ತಿದ. ಏನು ಕಲಿಸುತ್ತಿದ್ದ? ಏನೂ ಇಲ್ಲ. ಹೊಡೆದು ಕಲಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಬಿಸಿಲು ಇಳಿಯುವವರೆಗೆ ಹೊಡೆದ. ನಡುವೆ ಒಮ್ಮೆ ನಿಲ್ಲಿಸಿ ನೀರು ಕುಡಿದು ಬಂದು ಮತ್ತೆ ಹೊಡೆದ. ಆ ನೀರು ಕುಡಿದದ್ದು, ಚೊಂಬಿನ ತಂಪು, ಗಂಟಲಿನ ಹಿತ, ಅದೇ ಅವನಿಗೆ ಈಗ ಎಲ್ಲಕ್ಕಿಂತ ಹೇಸಿಗೆಯಾಗಿ ನೆನಪಾಯಿತು. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು. ಸಿಟ್ಟು ಇಳಿದ ಮೇಲೂ ಹೊಡೆದಿದ್ದ.

"ದೊನ್ ಸೆರ್ವಾಂದೊ, ಬನ್ನಿ."

ಯಾನಿನಾ ಕೈ ಚಾಚಿ ನಿಂತಿದ್ದಳು. ಅವನ ತಲೆಯ ಮೇಲೆ ಹೆಲ್ಮೆಟ್ಟಿತ್ತು. ನೀದಿಯಾ ಯಾವಾಗ ಹಾಕಿದಳೋ. ಹೇಳಿಬಿಡಬೇಕು ಅಂದುಕೊಂಡ. ಇದಕ್ಕೆ ಬಲಗಡೆಯಿಂದ ಏನಾದರೂ ಮೇಲೆದ್ದರೆ ಆಗುವುದಿಲ್ಲ, ಪಕ್ಕದಲ್ಲಿ ನಡೆದರೆ ಸುಮ್ಮನಿರುತ್ತದೆ, ಕೈಯೋ ಕಾಲೋ ಎತ್ತಿದರೆ ಹಾರುತ್ತದೆ. ಅಷ್ಟೇ ಹೇಳಿದರೆ ಸಾಕು. ನಿಮಗೆ ಹೇಗೆ ಗೊತ್ತು ಅಂತ ಕೇಳುತ್ತಾರೆ. ರುಪೆರ್ತೊ ಕೇಳುತ್ತಾನೆ. ಮಗಳು ಕೇಳುತ್ತಾಳೆ. ಜೊತೆಗೆ, ಇರುವುದು ಇದೊಂದೇ ಕುದುರೆ. ಹೇಳಿದರೆ ಇವತ್ತಿನ ಸವಾರಿ ಹೋಯಿತು, ಮುಂದಿನ ಮಂಗಳವಾರದ್ದೂ. ಹೇಳದೆ ಹತ್ತಿದರೆ ತಾನು ಬೀಳಬಹುದು, ಬಿದ್ದರೆ ಬೀಳಲಿ, ಅದು ಅದಕ್ಕೂ ತನಗೂ ಇರುವ ವ್ಯವಹಾರ. ಹಾಗಂದುಕೊಂಡು ಎದ್ದು ಎರಡು ಹೆಜ್ಜೆ ಹಾಕಿದ. ಕುದುರೆ ತಲೆ ತಿರುಗಿಸಿ ಬಲಗಣ್ಣಿನಿಂದ ಅವನನ್ನು ನೋಡಿತು. ಆ ಕಣ್ಣಲ್ಲಿ ಮಂಜಿತ್ತು, ಕಂಬಗಳಿದ್ದವು, ಸಣ್ಣದಾಗಿ ನೀಲಿ ಹೆಲ್ಮೆಟ್ಟಿನ ಒಬ್ಬ ಮುದುಕನಿದ್ದ. ಅವನ ಕಾಲು ಏಳಲಿಲ್ಲ.

"ನಾ... ಹತ್ತಲ್ಲ."

"ಪರ್ವಾಗಿಲ್ಲ" ಅಂದಳು ಯಾನಿನಾ ಕೂಡಲೇ, ಇಂಥದ್ದನ್ನು ನೂರು ಸಲ ಕೇಳಿದವಳ ಹಾಗೆ. "ಮೊದಲ್ನೇ ದಿನ ಎಲ್ರಿಗೂ ಹೆದ್ರಿಕೆ ಆಗುತ್ತೆ. ಕೂತ್ಕೊಂಡು ನೋಡಿ. ಮಿಲಿ ಹತ್ತಿದ್ ಮೇಲೆ ಧೈರ್ಯ ಬರುತ್ತೆ. ಮಿಲೀ, ಬಾರಮ್ಮ, ನೀನೇ ಮೊದ್ಲು."

ಅವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿದರು. ಮಿಲಿ ಕಟ್ಟೆಯ ಇಳಿಜಾರಿನಲ್ಲಿ ಹತ್ತತೊಡಗಿದಳು. ಒಂದು ಕಾಲು ಇಟ್ಟು ಇನ್ನೊಂದನ್ನು ಎಳೆದುಕೊಂಡು, ಹಲಗೆಯ ಮೇಲೆ ಟಪ್ಪ್, ಸ್‌ಸ್, ಟಪ್ಪ್, ಸ್‌ಸ್. ಅವನದೇ ನಡಿಗೆ. ಮನೆಯಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆಗಳಿಂದ ವಾಪಸು ಬರುವ ಸದ್ದು. ಕಟ್ಟೆಗೆ ಎಷ್ಟು ಉದ್ದ? ಎಂಟು ಹೆಜ್ಜೆ ಇರಬಹುದು. ಅವಳು ಮೂರು ಇಟ್ಟಿದ್ದಳು. ಏನೂ ಆಗಲಿಕ್ಕಿಲ್ಲ, ಇಪ್ಪತ್ತು ವರ್ಷ ಅಂದರೆ ಏನು ಸಾಮಾನ್ಯವೇ, ಅದಕ್ಕೂ ಮರೆತಿರಬಹುದು. ಕಿವಿ ಮಲಗಿಸಿತಲ್ಲ. ಕಿವಿ ಎಲ್ಲ ಕುದುರೆಯೂ ಮಲಗಿಸುತ್ತದೆ. ನೀದಿಯಾ ಅವನ ಕೈಗೆ ಮತ್ತೆ ಬುರುಡೆ ಕೊಟ್ಟಳು. ಅವನು ಹೀರಿದ, ಬಿಸಿ ಗಂಟಲಿಗೆ ಇಳಿಯಿತು, ಹಿತವಾಗಿತ್ತು. ಹಿತ ಅನ್ನಿಸಿದ ಕೂಡಲೇ ಆವತ್ತಿನ ಚೊಂಬು ಕಣ್ಣೆದುರಿಗೆ ಬಂತು. ಇವತ್ತೂ ಅದೇ ಮಾಡುತ್ತಿದ್ದೇನೆ ಅಂತ ಅವನಿಗೆ ಹೊಳೆಯಿತು, ನಡುವೆ ನಿಲ್ಲಿಸಿ ನೀರು ಕುಡಿಯುತ್ತಿದ್ದೇನೆ.

ಮಿಲಿ ಮೇಲೆ ನಿಂತು, ಸರಿಯಿದ್ದ ಕೈಯನ್ನು ಹಿಡಿಕೆಯ ಕಡೆಗೆ ಎತ್ತಲು ಹೊರಟಿದ್ದಳು.

"ಬೇಡ" ಅಂದ. ಅದು ಬಾಯಿಂದಾಚೆ ಬರಲಿಲ್ಲ. ಅವನು ಊರುಗೋಲು ಮರೆತು ಎದ್ದ, ಎಡಗಾಲು ಇದೆ ಅಂತ ನಂಬಿ ಅದನ್ನೇ ಮುಂದಿಟ್ಟ. ಅದು ಇರಲಿಲ್ಲ. ಮಂಡಿ ನೆಲಕ್ಕೆ ಬಡಿಯಿತು, ಬುರುಡೆ ಉರುಳಿತು, ಹಸಿರು ಸೊಪ್ಪು ಚೆಲ್ಲಿತು. ನೀದಿಯಾ ಅಪ್ಪಾ ಅನ್ನುತ್ತ ಬಗ್ಗಿದಳು. ಯಾನಿನಾ ಕಟ್ಟೆಯ ಮೇಲಿಂದ ತಿರುಗಿ ನೋಡಿದಳು.

"ನಿಮಗೇ ಮೊದ್ಲು ಹತ್ತಬೇಕಾ ದೊನ್ ಸೆರ್ವಾಂದೊ?"

ಅವನು ನೆಲದ ಮೇಲೆ ಕೂತೇ ತಲೆಯಾಡಿಸಿದ, ಇಲ್ಲ ಇಲ್ಲ ಅಂತ. ಒಂದೊಂದು ಮಾತನ್ನೂ ಬಾವಿಯಿಂದ ಸೇದುವ ಹಾಗೆ ಸೇದಬೇಕಾಯಿತು. ಈ ಸಲ ಯಾರೂ ಅವನ ವಾಕ್ಯ ಮುಗಿಸಲಿಲ್ಲ. ಮುಗಿಸಲು ಯಾರಿಗೂ ಗೊತ್ತಿರಲಿಲ್ಲ.

"ಹುಡ್ಗೀನ... ಇಳ್ಸಿ. ಆ ಕಡೆಯಿಂದ... ಬೇಡ. ಅದಕ್ಕೆ... ಹೆದ್ರಿಕೆ. ನಾನು ಹೊಡ್ದಿದೀನಿ. ಆ ಕಡೆ. ತುಂಬಾ... ಹೊಡ್ದಿದೀನಿ."

ರುಪೆರ್ತೊ ಕುದುರೆಯನ್ನು ನೋಡಿದ, ಅದರ ಎಡ ತೊಡೆಯ ಮೇಲಿನ ಬರೆಯನ್ನು ಬಗ್ಗಿ ನೋಡಿದ, ಆಮೇಲೆ ಇವನನ್ನು. "ಯಜಮಾನ್ರ ಬೂದನಾ ಇದು?" ಅಂದ. ಉತ್ತರಕ್ಕೆ ಕಾಯದೆ ಯಾನಿನಾಗೆ ಹುಡುಗಿಯನ್ನು ಹಿಂದಕ್ಕೆ ಎಳೆದುಕೊಳ್ಳಿ ಅಂದ. ಕುದುರೆಯನ್ನು ಬಯಲಿಗೆ ತಂದು, ಹಗ್ಗ ಸಡಿಲ ಬಿಟ್ಟು, ಬಲಗಡೆ ಹೋಗಿ ನಿಂತು ಸುಮ್ಮನೆ ಒಂದು ಕೈ ಮೇಲೆತ್ತಿದ. ಅಷ್ಟು ಹೊತ್ತು ಹತ್ತಿಯಾಗಿದ್ದದ್ದು ಒಮ್ಮೆಗೇ ಬೂದನಾಯಿತು. ನಾಲ್ಕು ಕಾಲೂ ನೆಲ ಬಿಟ್ಟು ಎಡಕ್ಕೆ ಹಾರಿತು, ಹಗ್ಗ ರುಪೆರ್ತೊನ ಅಂಗೈ ಸವರಿಕೊಂಡು ಹೋಯಿತು, ಕಂಬಳಿ ಜಾರಿ ಹೊಟ್ಟೆಯ ಕೆಳಗೆ ನೇತಾಡಿತು. ಕಂಬದ ಹತ್ತಿರ ಹೋಗಿ ನಿಂತು ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು. ಕಟ್ಟೆಯ ಮೇಲೆ ಯಾನಿನಾ ಮಿಲಿಯನ್ನು ತಬ್ಬಿ ಹಿಡಿದಿದ್ದಳು.

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?" ಅಂದಳು ಕೆಳಗೆ ಬಂದವಳೇ. ಈಗ ಅವಳು ಕಿವುಡರಿಗೆ ಹೇಳುವ ದನಿಯಲ್ಲಿ ಮಾತಾಡುತ್ತಿರಲಿಲ್ಲ. "ಅಷ್ಟು ಹೊತ್ತು ಕೂತು ನೋಡ್ತಿದ್ರಲ್ಲ. ಮಗು ಅದು. ಮೇಲೆ ಕೂತಿದ್ರೆ?"

"ನಾಚ್ಕೆ" ಅಂದ ಅವನು. ಬೈಸಿಕೊಳ್ಳುವುದು ಒಂಥರಾ ಹಗುರವಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನನ್ನು ಯಾರೂ ಬೈದಿರಲಿಲ್ಲ.

ನೀದಿಯಾ ಅವನನ್ನು ಬೆಂಚಿಗೆ ಎತ್ತಿ ಕೂರಿಸಿ ಮಂಡಿಯ ಮಣ್ಣು ಒರೆಸಿದಳು. ಅವನು ಅವಳ ಮುಖ ನೋಡಲಿಲ್ಲ. ಅವಳು ಬಗ್ಗಿಕೊಂಡೇ ಮೆಲ್ಲಗೆ, "ಆವತ್ತು ನಾನಿದ್ದೆ ಅಪ್ಪಾ. ನೀರಿನ ತೊಟ್ಟಿ ಹಿಂದೆ. ಹನ್ನೆರಡು ವರ್ಷ ನಂಗೆ" ಅಂದಳು. ಇಪ್ಪತ್ತು ವರ್ಷದಿಂದ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಅವನಿಗೆ ಅನ್ನ ಹಾಕಿದ್ದಾಳೆ, ಮೀಸೆ ಕತ್ತರಿಸಿದ್ದಾಳೆ, ಬೆಳಿಗ್ಗೆ ಆ ಕೈಗೆ ಉಣ್ಣೆಯ ಗವಸು ತೊಡಿಸಿದ್ದಾಳೆ. ಅವನಿಗೆ ಅಳು ಬಂತು. ಈಗ ಅಳು ಬಂದರೆ ಬಾಯಿಯ ಒಂದು ಕಡೆ ಮಾತ್ರ ಅಳುತ್ತದೆ.

ಕುದುರೆ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ರುಪೆರ್ತೊ ಅದರ ಎಡಗಡೆಯೇ ನಡೆಯುತ್ತ, ಏನೋ ಗುನುಗುತ್ತ, ಮೈದಾನದ ಸುತ್ತ ಸುತ್ತಿಸಿದ. ಎಂಥ ನಿಧಾನದ ಮನುಷ್ಯ. ಕುರ್ಚಿಯ ಮೇಲೂ ಕೂರಲಾರದವನು. ಇವತ್ತು ಸವಾರಿ ಬೇಡ ಅಂತ ಯಾನಿನಾ ತೀರ್ಮಾನಿಸಿದಳು. ಮಿಲಿಗೆ ಸಿಟ್ಟು ಬಂದು ಕಾಲು ನೆಲಕ್ಕೆ ಬಡಿದಳು, ಆಮೇಲೆ ಕಾಲೆಳೆಯುತ್ತ ಬೆಂಚಿನ ಹತ್ತಿರ ಬಂದು ಸೆರ್ವಾಂದೊನ ಎದುರು ನಿಂತಳು.

"ಅಲ್ಗೊದೊನ್‌ಗೆ ಯಾಕೆ ಹೊಡ್ದೆ ತಾತ?"

ಕಚ್ಚಿತು, ಒದೆಯಿತು, ಮಾತು ಕೇಳಲಿಲ್ಲ, ಆಗೆಲ್ಲ ಹಾಗೇ ಮಾಡುತ್ತಿದ್ದರು. ಇವೆಲ್ಲ ಸಲೀಸಾಗಿ ನಾಲಿಗೆಯ ತುದಿಗೇ ಬಂದಿದ್ದವು. ಇಂಥ ಮಾತುಗಳಿಗೆ ಮಾತ್ರ ನಾಲಿಗೆ ತಡವರಿಸುವುದಿಲ್ಲ ಅಂತ ಅವನಿಗೆ ಆಶ್ಚರ್ಯವಾಯಿತು.

"ನಾನು ಬಿದ್ದೆ" ಅಂದ. "ಜನ... ನಕ್ಕರು."

ಮಿಲಿ ಅದನ್ನು ಯೋಚಿಸಿದಳು. "ನಾನೂ ಬೀಳ್ತೀನಿ" ಅಂದಳು. "ಶಾಲೇಲಿ ನಗ್ತಾರೆ." ಅವಳ ಮಾತಿನಲ್ಲಿ ಕ್ಷಮೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ತಾನು ಬಿದ್ದರೂ ಯಾರಿಗೂ ಹೊಡೆಯುವುದಿಲ್ಲ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಮಂಜು ತೆಳುವಾಗಿ, ಸೂರ್ಯ ಎಲ್ಲಿದ್ದಾನೆ ಅನ್ನುವಷ್ಟು ಬೆಳಕಾಯಿತು. ನೀದಿಯಾ ಫ್ಲಾಸ್ಕು ಚೀಲಕ್ಕೆ ಹಾಕಿದಳು. ಸೆರ್ವಾಂದೊ ಹೊರಡಲಿಲ್ಲ. ಕುದುರೆಯ ಹತ್ತಿರ ಕರೆದುಕೊಂಡು ಹೋಗು ಅಂದ. ನೀದಿಯಾ ಯಾನಿನಾಳ ಮುಖ ನೋಡಿದಳು, ಯಾನಿನಾ ರುಪೆರ್ತೊನ ಮುಖ ನೋಡಿದಳು. "ಬರ್ಲಿ ಬಿಡಿ ಮೇಡಂ" ಅಂದ ರುಪೆರ್ತೊ. "ನಾನು ಹಿಡ್ಕೊಂಡಿರ್ತೀನಿ."

ಅವನು ಹಗ್ಗದ ಕಡೆಗೆ ಹೋದ. ಕುದುರೆ ತಿರುಗಿ ಎಡ ಮಗ್ಗುಲು ಕೊಟ್ಟಿತು, ಮರ್ಯಾದೆಯಿಂದ, ಇದು ನಿನ್ನ ಕಡೆ ಅನ್ನುವ ಹಾಗೆ. ಅವನು ಊರುಗೋಲು ಊರಿ, ಕಾಲೆಳೆದುಕೊಂಡು, ಅದರ ಮೂಗಿನ ಮುಂದಿನಿಂದ ಸುತ್ತಿ ಬಲಗಡೆಗೆ ಬಂದ. ಅದು ಮತ್ತೆ ತಿರುಗಿತು. ಅವನು ಮತ್ತೆ ಸುತ್ತಿದ. ಅವಸರವೇನೂ ಇರಲಿಲ್ಲ, ಅದಕ್ಕೂ ಇವನಿಗೂ. ಹೀಗೆ ಎಷ್ಟು ಸುತ್ತು ಸುತ್ತಿದರೋ, ನಿಂತು ನೋಡುವವರಿಗೆ ಇಬ್ಬರು ಮುದುಕರು ಯಾವುದೋ ಹಳೇ ಕುಣಿತ ನೆನಪು ಮಾಡಿಕೊಳ್ಳುತ್ತಿರುವ ಹಾಗೆ ಕಂಡಿರಬೇಕು. ಬೆವರು ಹೆಲ್ಮೆಟ್ಟಿನೊಳಗಿಂದ ಕಣ್ಣಿಗೆ ಇಳಿಯಿತು. ಅದಿನ್ನೂ ತಲೆಯ ಮೇಲೇ ಇತ್ತು, ಅವನಿಗೆ ಅದರ ಮೇಲೆ ಕೋಪವೂ ಇರಲಿಲ್ಲ. ಒಂದು ಸುತ್ತಿನಲ್ಲಿ ಸದ್ದು ಎರಡಾದ ಹಾಗೆ ಕೇಳಿಸಿತು. ಮುದಿ ಕುದುರೆಯ ಗೊರಸೂ ಸ್ವಲ್ಪ ಎಳೆಯುತ್ತಿತ್ತು. ಕೊನೆಗೆ ಅದು ತಿರುಗಲಿಲ್ಲ. ಸೋತಿತೋ, ಒಪ್ಪಿತೋ. ಬಲಗಣ್ಣು ಅವನ ಮೇಲೇ ಇಟ್ಟುಕೊಂಡು ನಿಂತಿತು.

ಅವನು ಊರುಗೋಲನ್ನು ನೀದಿಯಾಗೆ ಕೊಟ್ಟ. ಬಲಗೈಯನ್ನು ಬೆಲ್ಟಿನ ಮಟ್ಟದಿಂದ ಇಷ್ಟೇ ಇಷ್ಟು ಮೇಲೆತ್ತಿದ. ಕಿವಿ ಮಲಗಿತು, ಭುಜ ಅದುರಿತು, ರುಪೆರ್ತೊನ ಹಗ್ಗ ಬಿಗಿಯಾಯಿತು. ಅದಕ್ಕೆ ಈ ಕೈ ಗೊತ್ತು. ಅದರ ತಪ್ಪಿಲ್ಲ. ಅವನು ಕೈ ಇಳಿಸಿ ಅಂಗಿಯ ಜೇಬಿನೊಳಗೆ ತುರುಕಿದ. ಹಿಂದಿನಿಂದ ನೀದಿಯಾ ಅವನ ಸೊಂಟವನ್ನು ಹಿಡಿದುಕೊಂಡಿದ್ದಳು.

"ನೀದಿಯಾ. ಎಡದು."

"ಏನಪ್ಪಾ?"

"ಎಡಗೈ. ಗವಸು ತೆಗೀ. ಎತ್ತಿ... ಅದ್ರ ಮೇಲಿಡು. ಕೆಳಗಿಂದ. ಮೆಲ್ಲಗೆ."

ಅವಳು ಉಣ್ಣೆಯ ಗವಸು ತೆಗೆದಳು. ಕೈ ಬೆಳ್ಳಗೆ, ಮೃದುವಾಗಿ, ಏಳು ತಿಂಗಳಲ್ಲಿ ಯಾರೋ ಗುಮಾಸ್ತನ ಕೈಯ ಹಾಗೆ ಆಗಿತ್ತು. ಅವಳು ಅದನ್ನು ಮಣಿಕಟ್ಟಿನಲ್ಲಿ ಹಿಡಿದು, ಕುದುರೆಯ ಎದೆಯ ಕೆಳಗಿನಿಂದ ತಂದು, ಭುಜದ ಮೇಲೆ ಒರಗಿಸಿದಳು. ಅವನು ಅದು ಹೋದದ್ದನ್ನು ಕಣ್ಣಿನಿಂದ ನೋಡಿದ, ಅಷ್ಟೇ. ಬಿಳಿಯ ಮೇಲೆ ಬಿಳಿ. ಕೂದಲಿನ ಒರಟು ತಿಳಿಯಲಿಲ್ಲ, ಬಿಸಿ ತಿಳಿಯಲಿಲ್ಲ, ಅಲ್ಲಿ ಹಳೆಯ ಗಾಯದ ಗಂಟುಗಳಿದ್ದರೆ ಅದೂ ತಿಳಿಯಲಿಲ್ಲ. ಕುದುರೆಯ ಮುಖ ಅವನಿಗೆ ಬಲಕ್ಕಿತ್ತು, ಅದು ಕಾಣುತ್ತಿತ್ತು. ಮೈ ಎಡಕ್ಕೆ, ಅವನದೇ ಮಂಜಿನಲ್ಲಿ.

"ನಡುಗ್ತಿದ್ಯಾ?" ಅಂತ ಕೇಳಿದ.

ನೀದಿಯಾ ತನ್ನ ಅಂಗೈಯನ್ನು ಅವನ ಕೈಯ ಪಕ್ಕದಲ್ಲೇ ಇಟ್ಟು ನೋಡಿದಳು. ಸುಳ್ಳು ಹೇಳಬಹುದಿತ್ತು, ಅವನಿಗೆ ಗೊತ್ತಾಗುತ್ತಿರಲಿಲ್ಲ.

"ನಡುಗ್ತಿದೆ ಅಪ್ಪಾ" ಅಂದಳು. "ಆದ್ರೂ ನಿಂತಿದೆ."